ಅರವತ್ನಾಲ್ಕು ಎಂಬಿಯ ಮರಣ ಹೇಳಿಕೆ

ಚಿತ್ರದುರ್ಗ ಜಿಲ್ಲೆಯಲ್ಲಿ ಇಲ್ಲಿಯವರೆಗೆ ಸತ್ತ ಕಂಪ್ಯೂಟರುಗಳಲ್ಲಿ ಒಂದಾದರೂ ಪತ್ತೇದಾರ ಜಂಬುಲಿಂಗಪ್ಪನ ಕಿವಿಯಲ್ಲಿ ತನ್ನ ಕೊಲೆಗಾರನ ಹೆಸರು ಉಸುರದೆ ಪ್ರಾಣ ಬಿಟ್ಟದ್ದಿಲ್ಲ. ಪರಶುರಾಂಪುರದ ಕಂಪ್ಯೂಟರೊಂದು ಬಾವಿಗೆ ಬಿದ್ದು ಒಂಬತ್ತು ದಿನ ತಳದಲ್ಲಿತ್ತು. ಮೇಲೆತ್ತಿದಾಗ ಇವನ ಮುಖ ಕಂಡು ಕಣ್ಣು ಬಿಟ್ಟಿತು; ತನ್ನನ್ನು ತಳ್ಳಿದವನ ಹೆಸರು, ಅವನಪ್ಪನ ಹೆಸರು, ಅವರ ಮನೆಯ ರೇಷನ್ ಕಾರ್ಡಿನ ನಂಬರು ಮೂರನ್ನೂ ತಪ್ಪಿಲ್ಲದೆ ಹೇಳಿ, ಬಾಯಲ್ಲಿದ್ದ ಒಂದು ಕಪ್ಪೆಯನ್ನು ಉಗುಳಿ, ಸಮಾಧಾನವಾಗಿ ಕಣ್ಣು ಮುಚ್ಚಿತು.

"ಆ ಕಪ್ಪೇನ ನಾನೇ ಹೊಲಕ್ಕೆ ಬಿಟ್ಟು ಬಂದೆ," ಎಂದು ಜಂಬುಲಿಂಗಪ್ಪ ಮಾತು ಮುಗಿಸಿದ.

ಮಾರ್ಚ್ ತಿಂಗಳ ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಮೊಳಕಾಲ್ಮೂರಿನ ರೇಷ್ಮೆ ಸೀರೆ ವಿನ್ಯಾಸ ಕೇಂದ್ರದ ಪಡಸಾಲೆಯಲ್ಲಿ ಈ ಕತೆ ಕೇಳಿದವರು ನಾಲ್ವರು. ನಾಲ್ವರಲ್ಲಿ ಒಬ್ಬರೂ ನಂಬಲಿಲ್ಲ. ಓಣಿಯ ಮಗ್ಗಗಳು ಟಕಟಕ ಎನ್ನುತ್ತಿದ್ದವು. ಅವೂ ನಂಬಿದಂತೆ ಕಾಣಲಿಲ್ಲ.

ಮೇಜಿನ ಆ ಬದಿ ಕೂತವರು ಕೇಂದ್ರದ ಯಜಮಾನರು ಸೋಮಶೇಖರಪ್ಪ. ಚಳ್ಳಕೆರೆಯಲ್ಲಿ ಮೂರು ತಲೆಮಾರಿನಿಂದ ಶೇಂಗಾ ಕೊಂಡು ಎಣ್ಣೆ ತೆಗೆದ ಮನೆತನ. ತಕ್ಕಡಿಯ ಮುಳ್ಳು ಒಂದು ಕೂದಲೆಳೆ ವಾಲಿದರೂ ಅವರಿಗೆ ಅನ್ನ ಸೇರುವುದಿಲ್ಲ. ಅವರ ಹಿಂದೆ ಗೋಡೆಗೆ ಒರಗಿ ನಿಂತವನು ಅಕ್ಕನ ಮಗ ವಿಶ್ವನಾಥ್, ಕೇಂದ್ರದ ಮೇಲ್ವಿಚಾರಕ. ಕೊರಳಿನಲ್ಲಿ ಪದಕದ ಹಾಗೆ ಒಂದು ಪೆನ್ ಡ್ರೈವ್. ಮೇಜಿನ ಈ ಬದಿ, ಕುರ್ಚಿ ಇದ್ದರೂ ಕೂರದೆ ನಿಂತವಳು ಶಿಲ್ಪ. ನನ್ನಿವಾಳದ ಕುರಿ ಸಾಕುವವರ ಮನೆಯ ಹುಡುಗಿ, ಇಲ್ಲಿ ಸೀರೆಯ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಬರೆಯುವವಳು. ಹೊಸ್ತಿಲ ಹೊರಗೆ ಕಂಬಳಿ ಹಾಸಿ ಕೂತವಳು ಅವಳ ಅವ್ವ ಮೂಗಮ್ಮ.

ಹೋದ ಗುರುವಾರ ಹನ್ನೊಂದೂ ಹದಿನಾರಕ್ಕೆ ಕೇಂದ್ರದ ಕಂಪ್ಯೂಟರು ಕೆಲಸದ ನಡುವೆಯೇ ಸತ್ತು ಬಿದ್ದಿತ್ತು; ಶನಿವಾರದ ಹೊತ್ತಿಗೆ ಅದರೊಳಗೆ ಇನ್ನೂ ಯಾರಿಗೂ ತೋರಿಸದೆ ಇಟ್ಟಿದ್ದ ಹನ್ನೆರಡು ನವಿಲಿನ ಸೆರಗು ಆಂಧ್ರದ ಗಡಿಯಾಚೆ ನೇಕಾರರ ಕೈಯಲ್ಲಿ ಓಡಾಡುತ್ತಿತ್ತು.

ಆ ಹೊತ್ತಿನಲ್ಲಿ ಕಂಪ್ಯೂಟರಿಗೆ ಲಾಗಿನ್ ಆಗಿದ್ದ ಹೆಸರು ಒಂದೇ, ಶಿಲ್ಪಾಳದು.

ಮೇಜಿನ ಮೇಲೆ ಪೊಲೀಸ್ ಠಾಣೆಗೆ ಬರೆದ ದೂರು ಸಿದ್ಧವಾಗಿತ್ತು. ಮುತ್ತು ಪೋಣಿಸಿದಂಥ ಅಕ್ಷರ ವಿಶ್ವನಾಥನದು. ಬೇಕಾಗಿದ್ದದ್ದು ಯಜಮಾನರ ಸಹಿ ಮಾತ್ರ. ಸಂಜೆ ನಾಲ್ಕರವರೆಗೆ ಕಾಯುತ್ತೇನೆ, ಅಷ್ಟರಲ್ಲಿ ಬೇರೆ ಕಳ್ಳ ಸಿಗದಿದ್ದರೆ ಸಹಿ ಹಾಕುತ್ತೇನೆ ಎಂದಿದ್ದರು ಸೋಮಶೇಖರಪ್ಪ. ಸಹಿ ಬಿದ್ದರೆ ಚಳ್ಳಕೆರೆ, ಮೊಳಕಾಲ್ಮೂರು ಎರಡೂ ತಾಲ್ಲೂಕಿನಲ್ಲಿ ಯಾರೂ ಆ ಹುಡುಗಿಯನ್ನು ಕಂಪ್ಯೂಟರಿನ ಮುಂದೆ ಕೂರಿಸುವುದಿಲ್ಲ. ಕುರಿ ಕಾಯುವವರ ಮಗಳು ಕಳ್ಳಿ ಎಂಬ ಮಾತು ನನ್ನಿವಾಳಕ್ಕೆ ಬಸ್ಸಿಗಿಂತ ಮೊದಲೇ ತಲುಪುತ್ತದೆ.

ಜಂಬುಲಿಂಗಪ್ಪನ ಎದೆಯಲ್ಲಿ ಆ ಯೋಚನೆ ಮುಳ್ಳಿನಂತೆ ಆಡುತ್ತಿತ್ತು. ಅದಕ್ಕೆ ಕಾರಣವಿತ್ತು.

ಹೋದ ಆಷಾಢದಲ್ಲಿ ಅವನ ಎರಡು ಕಣ್ಣಿಗೂ ಪೊರೆ ತೆಗೆಸಿದ್ದರು. ಎರಡು ತಿಂಗಳು ಚಳ್ಳಕೆರೆಯ ಅವನ ರಿಪೇರಿ ಅಂಗಡಿಯನ್ನು ನಡೆಸಿದವಳು ಶಿಲ್ಪ. ಇವನು ಒಳಗೆ ಪರದೆಯ ಹಿಂದೆ ಹಸಿರು ಬಟ್ಟೆ ಕಟ್ಟಿಕೊಂಡು ಮಲಗಿರುತ್ತಿದ್ದ. ಗಿರಾಕಿ ಬಂದರೆ ಅವಳು ಪರದೆಯ ಹತ್ತಿರ ಹೋಗಿ, ಏನು ಮಾಡಲಿ ಮೇಷ್ಟ್ರೇ ಎಂದು ಗಟ್ಟಿಯಾಗಿ ಕೇಳಿ, ಇವನು ಕೆಮ್ಮಿದ್ದನ್ನೇ ಉತ್ತರ ಎಂದು ತೆಗೆದುಕೊಂಡು, ವಾಪಸ್ಸು ಬಂದು ತಾನೇ ರಿಪೇರಿ ಮಾಡುತ್ತಿದ್ದಳು. ಆ ಎರಡು ತಿಂಗಳಲ್ಲಿ ಜಂಬುಲಿಂಗಪ್ಪನ ಕೀರ್ತಿ ಮೂರು ಪಾಲು ಹೆಚ್ಚಿತು. ಒಬ್ಬರ ಹತ್ತಿರವೂ ಅವಳು ಬಾಯಿ ಬಿಡಲಿಲ್ಲ.

ಅಂದಿನಿಂದ ಬಸ್ಸು ನನ್ನಿವಾಳದ ಹಾದಿ ದಾಟುವಾಗಲೆಲ್ಲ ಅವನು ಹಣೆ ಮುಟ್ಟಿಕೊಳ್ಳುತ್ತಿದ್ದ. ಕಂಡಕ್ಟರು ಅಲ್ಲೊಂದು ಗುಡಿ ಇರಬೇಕೆಂದು ತಿಳಿದು ತಾನೂ ಮುಟ್ಟಿಕೊಳ್ಳಲು ಶುರು ಮಾಡಿದ್ದ.

"ಕತೆ ಸಾಕು ಜಂಬಣ್ಣ," ಎಂದರು ಸೋಮಶೇಖರಪ್ಪ. "ನನ್ನ ಕಂಪ್ಯೂಟರು ಏನು ಹೇಳ್ತು, ಅದು ಹೇಳು."

ಜಂಬುಲಿಂಗಪ್ಪ ಜೇಬಿನಿಂದ ನಾಲ್ಕು ಮಡಿಕೆಯ ಗ್ರಾಫ್ ಹಾಳೆಯೊಂದನ್ನು ತೆಗೆದ. ಒಂದೊಂದು ಮಡಿಕೆಯನ್ನು ಬಿಡಿಸಲು ಅವನು ತೆಗೆದುಕೊಂಡ ಸಮಯದಲ್ಲಿ ಒಂದು ಸೀರೆ ನೇಯಬಹುದಿತ್ತು.

ಮೊದಲು ಅವನು ವಿವರಿಸಿದ್ದು ಕಂಪ್ಯೂಟರು ಹೇಗೆ ಸಾಯುತ್ತದೆ ಎಂಬುದನ್ನು. ಅದರೊಳಗೆ ಕರ್ನೆಲ್ ಎಂಬ ಒಬ್ಬ ಯಜಮಾನ ಇರುತ್ತಾನೆ. ಯಾವ ಕೆಲಸಕ್ಕೆ ಎಷ್ಟು ಜಾಗ, ಯಾರ ಸರದಿ ಯಾವಾಗ, ಏನನ್ನು ಎಲ್ಲಿ ಬರೆಯಬೇಕು ಎಲ್ಲ ಅವನದೇ ಹುಕುಂ. ನಡೆದದ್ದನ್ನು ಅವನು ಮೊದಲು ನೆನಪಿನಲ್ಲಿ ಇಟ್ಟುಕೊಳ್ಳುತ್ತಾನೆ, ಸ್ವಲ್ಪ ತಡೆದು ಡಿಸ್ಕಿನ ದಿನಚರಿಗೆ ಇಳಿಸುತ್ತಾನೆ. ಇಳಿಸುವ ಮೊದಲೇ ಅವನು ಕುಸಿದು ಬಿದ್ದರೆ ಮುಗಿಯಿತು. ಬರೆಯುವವನೇ ಬಿದ್ದ ಮೇಲೆ ತನ್ನ ಸಾವನ್ನು ಅವನು ಬರೆಯುವುದು ಹೇಗೆ?

ಕೇಂದ್ರದ ಕಂಪ್ಯೂಟರಿನ ದಿನಚರಿ ಹನ್ನೊಂದೂ ಹದಿನಾರಕ್ಕೆ ನಿಂತಿತ್ತು. ಸತ್ತದ್ದು ಅದಾದ ಇಪ್ಪತ್ತೆಂಟು ಸೆಕೆಂಡಿಗೆ. ಕಳ್ಳ ಬಂದುಹೋದದ್ದು ಆ ಇಪ್ಪತ್ತೆಂಟು ಸೆಕೆಂಡಿನಲ್ಲಿ.

"ಆದ್ರೆ ನಮ್ಮ ಕಂಪ್ಯೂಟರಿನಾಗೆ," ಎಂದು ಜಂಬುಲಿಂಗಪ್ಪ ಎದೆ ಸೆಟೆದ, "ಎರಡನೇ ಯಜಮಾನ ಒಬ್ಬ ಮಲಗಿದ್ದ."

ಅವನು ಸಣ್ಣವನು. ಕಂಪ್ಯೂಟರು ಶುರುವಾಗುವಾಗಲೇ ನೆನಪಿನ ಒಂದು ಮೂಲೆಯನ್ನು, ಅರವತ್ನಾಲ್ಕು ಎಂಬಿಯಷ್ಟು ಜಾಗವನ್ನು, ಬೇಲಿ ಹಾಕಿ ಬೇರೆ ಮಾಡಿ ಅವನನ್ನು ಅಲ್ಲಿ ಮಲಗಿಸಿರುತ್ತಾರೆ. ದೊಡ್ಡವನು ಎಷ್ಟೇ ಇಕ್ಕಟ್ಟಾದರೂ ಆ ಮೂಲೆಗೆ ಕಾಲಿಡುವಂತಿಲ್ಲ. ದೊಡ್ಡವನು ಬಿದ್ದ ಕ್ಷಣ ಸಣ್ಣವನು ಎಚ್ಚರಾಗುತ್ತಾನೆ. ತನ್ನ ಮೂಲೆಯಲ್ಲೇ ಕೂತು, ಬಿದ್ದವನ ಮೈಯನ್ನು ತುಳಿಯದೆ, ಅವನ ಕೈಯಲ್ಲಿ ಏನಿತ್ತು, ನಾಲಿಗೆಯ ತುದಿಯಲ್ಲಿ ಏನಿತ್ತು, ಎಲ್ಲವನ್ನೂ ಡಿಸ್ಕಿಗೆ ಬರೆದಿಡುತ್ತಾನೆ. ಆಮೇಲೆ ಕಂಪ್ಯೂಟರನ್ನು ಮತ್ತೆ ಶುರು ಮಾಡಿ ತಾನು ಮಾಯವಾಗುತ್ತಾನೆ. ಆದರೆ ಜಾಗ ಮೊದಲೇ ತೆಗೆದಿಟ್ಟಿರಬೇಕು. ಸತ್ತ ಮೇಲೆ ಹುಡುಕಿದರೆ ಸಿಗುವುದಿಲ್ಲ.

"ತೆಗೆದಿಟ್ಟವರು ಯಾರು?" ಎಂದು ವಿಶ್ವನಾಥ್ ಗೋಡೆ ಬಿಟ್ಟು ಕೇಳಿದ.

"ಇನ್ಯಾರು. ಈ ಜಂಬುಲಿಂಗಪ್ಪ."

ವಿಶ್ವನಾಥ್ ತಲೆಯಾಡಿಸಿ ಮತ್ತೆ ಗೋಡೆಗೆ ಒರಗಿದ. ಮುಂದೆ ಓದು ಎನ್ನುವಂತೆ ಕೈ ತೋರಿಸಿದ. ಆ ಕೈಯಲ್ಲಿ ಅಷ್ಟೊಂದು ಉದಾರತನ ಯಾಕೆ ಎಂದು ಪತ್ತೇದಾರ ಆಗಲೇ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಸಭೆ ಸಿಕ್ಕಿದರೆ ಅವನು ಯೋಚಿಸುವವನಲ್ಲ.

ಅವನು ಓದಿದ. ಹನ್ನೊಂದೂ ಹದಿನಾರು ದಾಟಿ ಎರಡು ಸೆಕೆಂಡಿಗೆ ಯಾರೋ ಕಂಪ್ಯೂಟರಿಗೆ ಒಂದು ಪೆನ್ ಡ್ರೈವ್ ಚುಚ್ಚಿದ್ದಾರೆ. ಒಂಬತ್ತನೇ ಸೆಕೆಂಡಿಗೆ ನವಿಲಿನ ಸೆರಗಿನ ಕಡತ ಅದಕ್ಕೆ ನಕಲಾಗಲು ಶುರುವಾಗಿದೆ. ಇಪ್ಪತ್ತಾರಕ್ಕೆ ನಕಲು ಮುಗಿದಿದೆ. ಇಪ್ಪತ್ತೆಂಟಕ್ಕೆ, ಕೇಳದೆ ಹೇಳದೆ, ಪೆನ್ ಡ್ರೈವನ್ನು ಕಿತ್ತಿದ್ದಾರೆ. ಆ ಕಿತ್ತ ಏಟಿಗೆ ಕರ್ನೆಲ್ ತತ್ತರಿಸಿ ಬಿದ್ದಿದೆ.

ಅಂದರೆ ಕೊಲ್ಲಬೇಕೆಂದು ಕೊಂದದ್ದಲ್ಲ. ಯಾರೋ ಬರುವ ಸದ್ದಿಗೆ ಹೆದರಿ ಕಿತ್ತದ್ದು. ದಿನವೂ ಕಂಪ್ಯೂಟರಿನ ಜೊತೆ ಬಾಳುವವಳು ಪೆನ್ ಡ್ರೈವನ್ನು ಹಾಗೆ ಕೀಳುವುದಿಲ್ಲ ಎಂದು ಜಂಬುಲಿಂಗಪ್ಪ ವಾದ ಹೂಡಿದ. ಆ ಹೊತ್ತಿನಲ್ಲಿ ಶಿಲ್ಪ ಎಲ್ಲಿದ್ದಳು ಎಂಬುದನ್ನೂ ಅವಳ ಬಾಯಿಂದಲೇ ಹೇಳಿಸಿದ. ಅವ್ವ ರೊಟ್ಟಿ ಬುತ್ತಿ ತಂದಿದ್ದಳು, ಲಾಗಿನ್ ತೆರೆದೇ ಬಿಟ್ಟು ಗೇಟಿಗೆ ಹೋಗಿದ್ದಳು, ವಾಪಸ್ಸು ಬಂದಾಗ ಪರದೆ ಕಪ್ಪಾಗಿತ್ತು. ಲಾಗಿನ್ ಮುಚ್ಚದೆ ಹೋದದ್ದು ತನ್ನ ತಪ್ಪು ಎಂದು ಅವಳು ಒಪ್ಪಿಕೊಂಡಳು.

"ಅಷ್ಟೇನಾ ಹಾಳೆಯಲ್ಲಿರೋದು?" ಎಂದು ಸೋಮಶೇಖರಪ್ಪ ಕೇಳಿದರು.

"ಅಷ್ಟೇ," ಎಂದು ಹಾಳೆಯ ಕೊನೆಯ ಮಡಿಕೆಯನ್ನು ಜಂಬುಲಿಂಗಪ್ಪ ಬೆರಳಿನಿಂದ ಒತ್ತಿದ. ಅಲ್ಲಿ ಇನ್ನೊಂದು ಸಾಲು ಇತ್ತು.

ವಿಶ್ವನಾಥ್ ಈಗ ನಿಧಾನಕ್ಕೆ ಬಂದು ಮೇಜಿನ ಅಂಚಿನ ಮೇಲೆ ಕೂತ.

"ಮಾವ, ಸಂಕ್ರಾಂತಿ ಮಾರನೇ ದಿನ ನೆನಪೈತಾ?"

ಸೋಮಶೇಖರಪ್ಪನವರಿಗೆ ನೆನಪಿತ್ತು. ಮರೆಯುವಂಥದ್ದೇ ಅಲ್ಲ ಅದು. ಹೊಸ ಕಂಪ್ಯೂಟರಿನ ನೆನಪು ಐನೂರ ಹನ್ನೆರಡು ಎಂಬಿ ಎಂದು ಹೇಳಿ ತಂದಿದ್ದರು. ಒಂದು ದಿನ ಕೂತು ನೋಡಿದರೆ ಪರದೆಯ ಮೇಲೆ ಬರೀ ನಾನೂರ ನಲವತ್ತೆಂಟು. ಅವರು ಬೆರಳು ಮಡಚಿ ಲೆಕ್ಕ ಹಾಕಿದರು. ಎಂಟರಲ್ಲಿ ಒಂದು ಪಾಲು ಇಲ್ಲ. ಸೇರಿಗೆ ಅರ್ಧ ಪಾವು ಕಡಿಮೆ. ಶೇಂಗಾ ಮಂಡಿಯಲ್ಲಿ ಯಾರಾದರೂ ಸೇರಿಗೆ ಅರ್ಧ ಪಾವು ಹೊಡೆದರೆ ಅವನು ಮತ್ತೆ ಚೀಲ ಬಿಚ್ಚುವ ಹಾಗಿಲ್ಲ. ಅಂದು ಅವರು ಊಟ ಮಾಡಲಿಲ್ಲ. ಕಂಪ್ಯೂಟರು ಮಾರಿದ ಜಂಬುಲಿಂಗಪ್ಪನನ್ನು ಕರೆಸಿದರು.

ಜಂಬುಲಿಂಗಪ್ಪ ಬಂದ. ಹತ್ತು ನಿಮಿಷ ಕುಟ್ಟಿದ. ಕಂಪ್ಯೂಟರು ಆರಿಸಿ ಹೊತ್ತಿಸಿದ. ಐನೂರ ಹನ್ನೆರಡು ಪೂರ್ತಿ ಬಂತು. ಕಳೆದ ಅರ್ಧ ಪಾವನ್ನು ಪಾತಾಳದಿಂದ ಹಿಡಿದು ತಂದೆ ಎಂದು ಅವನು ಹೇಳಿದ, ಯಜಮಾನರು ಆನಂದದಿಂದ ಅವನಿಗೆ ರೇಷ್ಮೆ ಶಾಲು ಹೊದಿಸಿದರು. ಇನ್ನು ಮುಂದೆ ಇದರಲ್ಲಿ ಒಂದು ಎಂಬಿ ಕಡಿಮೆ ಮಾಡಿದವರು ಕೆಲಸ ಬಿಟ್ಟು ಹೋಗಬೇಕು ಎಂದು ಇದೇ ಪಡಸಾಲೆಯಲ್ಲಿ ಸಾರಿದರು.

"ಆ ಅರ್ಧ ಪಾವೇ ಈ ಅರವತ್ನಾಲ್ಕು ಎಂಬಿ, ಮಾವ," ಎಂದ ವಿಶ್ವನಾಥ್. "ಬೇಲಿ ಕಿತ್ತು ಅದನ್ನ ವಾಪಸ್ ಸೇರಿಸಿದವನು ಇವನೇ. ಸಣ್ಣ ಯಜಮಾನನಿಗೆ ಮಲಗೋಕೆ ಜಾಗಾನೇ ಇಲ್ಲ ಅಂದ ಮೇಲೆ ಈ ಹಾಳೆ ಬರೆದವರು ಯಾರು? ಅಕ್ಷರ ನೋಡಿ. ಶಿಲ್ಪಂದು."



ಸೋಮಶೇಖರಪ್ಪ ಹಾಳೆಯನ್ನು ಎಳೆದುಕೊಂಡು ನೋಡಿದರು. ಆರು ತಿಂಗಳಿಂದ ಅವರು ದಿನವೂ ಕಾಣುವ ಅಕ್ಷರ. ಅವರ ಮುಖ ತಕ್ಕಡಿಯ ಖಾಲಿ ತಟ್ಟೆಯಂತೆ ಮೇಲೆದ್ದಿತು. ಕದ್ದದ್ದೂ ಅಲ್ಲದೆ ಸುಳ್ಳು ಸಾಕ್ಷಿ ಬೇರೆ ಬರೆದಳೇ ಈ ಹುಡುಗಿ ಎಂದು ಅವರು ಕೇಳಿದ್ದು ಜಂಬುಲಿಂಗಪ್ಪನನ್ನು; ನೋಡಿದ್ದು ಶಿಲ್ಪಾಳನ್ನು. ನಾಲ್ಕು ಗಂಟೆಯವರೆಗೆ ಕಾಯುವ ಅಗತ್ಯ ಕಾಣಿಸುತ್ತಿಲ್ಲ ಎಂದು ಪೆನ್ನಿನ ಮುಚ್ಚಳ ತೆಗೆದರು.

ಜಂಬುಲಿಂಗಪ್ಪನಿಗೆ ತನ್ನ ತಪ್ಪು ಆಗ ಹೊಳೆಯಿತು. ತಾನು ಬಾಯಿ ಮುಚ್ಚಿಕೊಂಡು ಬಂದಿದ್ದರೆ ಹುಡುಗಿಯ ಮೇಲೆ ಒಂದೇ ಆರೋಪ ಇರುತ್ತಿತ್ತು. ತನ್ನ ಕೊಚ್ಚಾಟದಿಂದ ಎರಡಾಯಿತು. ಆದರೂ ಅವನ ನಾಲಿಗೆ ಹಳೆಯ ಹಾದಿಯನ್ನೇ ಹಿಡಿಯಿತು.

"ತೆಗೆದಿದ್ದೆ ನಿಜ ಯಜಮಾನ್ರೆ. ಆಮೇಲೆ ಗುಟ್ಟಾಗಿ ನಾನೇ ಬಂದು ಮತ್ತೆ ಇಟ್ಟೆ."

"ಯಾವತ್ತು?"

ಶಿಲ್ಪ ಒಮ್ಮೆ ಅವನ ಕಡೆ ನೋಡಿ ತಲೆ ತಗ್ಗಿಸಿದಳು. ಆ ನೋಟದಲ್ಲಿ ಬೇಡ ಎಂಬುದೂ ಇತ್ತು, ನಡೆಯಲಿ ಎಂಬುದೂ ಇತ್ತು.

ದಿನಾಂಕವನ್ನು ಹೇಳುವ ಕಷ್ಟ ಯಾರಿಗೂ ಬರಲಿಲ್ಲ. ಶುರುವಾಗುವಾಗ ಕಂಪ್ಯೂಟರು ಓದಿಕೊಳ್ಳುವ ಆಜ್ಞೆಗಳ ಕಡತ ಒಂದಿದೆ, ಅದನ್ನು ಕೊನೆಗೆ ತಿದ್ದಿದ್ದು ಯಾವಾಗ ಎಂದು ಕಂಪ್ಯೂಟರೇ ತೋರಿಸುತ್ತದೆ ಎಂದು ವಿಶ್ವನಾಥ್ ಹೇಳಿ, ತಾನೇ ಹೋಗಿ ತೆಗೆದ. ಸಂಕ್ರಾಂತಿಯ ತಾರೀಕು ಕಾಣುತ್ತದೆ ಎಂಬ ಭರವಸೆ ಅವನ ಬೆನ್ನಿನಲ್ಲಿ ಕಾಣುತ್ತಿತ್ತು. ಪರದೆಯ ಮೇಲೆ ಬಂದದ್ದು ಫೆಬ್ರವರಿ ಒಂಬತ್ತು, ಬೆಳಿಗ್ಗೆ ಎಂಟೂ ನಲವತ್ತು. ವಿಶ್ವನಾಥನ ಬೆನ್ನು ಒಂದು ಗಳಿಗೆ ಅಲುಗಾಡಲಿಲ್ಲ.

ಬೇಲಿ ಮತ್ತೆ ಎದ್ದಿತ್ತು. ಅರವತ್ನಾಲ್ಕು ಎಂಬಿ ಅಲ್ಲೇ ಇತ್ತು. ಹಾಳೆ ಸುಳ್ಳಲ್ಲ.

"ನೋಡಿದ್ರಾ, ಹೇಳಿದ್ನಲ್ಲ," ಎಂದು ಜಂಬುಲಿಂಗಪ್ಪ ಉಸಿರು ಬಿಟ್ಟ.

"ಫೆಬ್ರವರಿ ಒಂಬತ್ತು," ಎಂದು ಸೋಮಶೇಖರಪ್ಪ ಬೆರಳು ಮಡಚಿದರು. "ಅವತ್ತು ಬೆಳಿಗ್ಗೆ ಎಂಟೂ ನಲವತ್ತಕ್ಕೆ ನೀನು ನನ್ನ ಪಕ್ಕ ವ್ಯಾನಿನಾಗೆ ಕೂತಿದ್ದೆ ಜಂಬಣ್ಣ. ನಮ್ಮ ನೆಂಟ್ರು ಸರ್ವಮಂಗಳನ ಮಗನ ಮದುವೆ, ಹಿರಿಯೂರು. ಐದು ಇಡ್ಲಿ ತಿಂದೆ."

ಆರು ಎಂದು ತಿದ್ದಲು ಬಾಯಿ ತೆರೆದ ಜಂಬುಲಿಂಗಪ್ಪ ಮುಚ್ಚಿಕೊಂಡ.

ಹೊಸ್ತಿಲ ಹೊರಗಿನಿಂದ ಮೂಗಮ್ಮ ಮಾತಾಡಿದ್ದು ಆಗ. ಅವಳಿಗೆ ಎಂಬಿ ಗೊತ್ತಿರಲಿಲ್ಲ, ಕರ್ನೆಲ್ ಗೊತ್ತಿರಲಿಲ್ಲ. ಇಷ್ಟು ಹೊತ್ತು ಕೇಳಿ ಕೇಳಿ ಅವಳಿಗೆ ಒಂದು ಮಾತು ಮಾತ್ರ ತಿಳಿದಿತ್ತು.

"ಅದು ಮೀಸಲು ಅಲ್ವಾ ಸಾವ್ಕಾರ್ರೇ. ನಮ್ಮ ಹಟ್ಟಿಯಾಗೆ ದೇವರ ಹಬ್ಬಕ್ಕೆ ಮುಂಚೆ ಹಾಲು ಮೀಸಲು ತೆಗೀತೀವಿ. ಆ ಗಡಿಗೆ ಬೇರೆ, ಆ ಮೂಲೆ ಬೇರೆ. ಮಗು ಹಸ್ಕೊಂಡು ಅತ್ರೂ ಅದ್ರಾಗಿಂದ ಹನಿ ತೆಗ್ಯಂಗಿಲ್ಲ. ನನ್ನ ಮಗಳು ಸಣ್ಣೋಳಿದ್ದಾಗ ಒಂದ್ಸಲ ಬೆರಳು ಅದ್ದಿದ್ಲು, ನಾನೇ ಬಡಿದಿದ್ದೆ. ಅವಳು ಮೀಸಲು ಮುರಿಯೋಳಲ್ಲ. ಬೇರೆಯವರು ಮುರುದ್ರೂ ಸುಮ್ಕಿರೋಳಲ್ಲ."

ಇಷ್ಟು ಹೇಳಿ ಅವಳು ಸೆರಗು ಸರಿಮಾಡಿಕೊಂಡಳು.

ಜಂಬುಲಿಂಗಪ್ಪ ಹೆಗಲ ಮೇಲಿದ್ದ ಶಾಲನ್ನು ತೆಗೆದ. ಮಾರ್ಚಿನ ಬಿಸಿಲಿನಲ್ಲೂ ಅವನು ಅದನ್ನು ಹೊದ್ದು ಬಂದಿದ್ದ. ಮಡಚಿ ಮೇಜಿನ ಮೇಲಿಟ್ಟು, ಕುರ್ಚಿಯಲ್ಲಿ ಕೂತು, ನೆಲ ನೋಡುತ್ತ ಮಾತಾಡಿದ. ಆ ಜಾಗವನ್ನು ಮೊದಲು ತೆಗೆದಿಟ್ಟವಳೂ ಶಿಲ್ಪಾಳೇ. ಅವನ ಅಂಗಡಿಯಲ್ಲಿ ಈ ಕಂಪ್ಯೂಟರನ್ನು ಸಿದ್ಧ ಮಾಡಿದವಳು ಅವಳು. ಅದು ಯಾತಕ್ಕೆ ಎಂದು ಇವನಿಗೆ ಗೊತ್ತಿರಲಿಲ್ಲ. ಯಜಮಾನರು ಅರ್ಧ ಪಾವು ಎಲ್ಲಿ ಎಂದು ಕೇಳಿದಾಗ, ತಿಳಿಯದು ಎನ್ನಲು ನಾಚಿಕೆಯಾಗಿ, ಆ ಸಾಲನ್ನು ಅಳಿಸಿ ಶಾಲು ಹೊದ್ದುಕೊಂಡು ಹೋದ. ಮತ್ತೆ ಇಟ್ಟವಳೂ ಅವಳೇ. ಕೆಲಸ ಹೋದೀತೆಂದು ಗೊತ್ತಿದ್ದೇ ಇಟ್ಟಳು. ಕಂಪ್ಯೂಟರಿನ ಸಾವಿನ ಬರಹವನ್ನು ಶನಿವಾರ ಯಜಮಾನರ ಎದುರೇ ಸಿಡಿಗೆ ಇಳಿಸಿ ಒಯ್ದನಲ್ಲ, ಅದನ್ನು ತೆರೆದರೆ ಇವನಿಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಭಾನುವಾರ ಅವಳನ್ನೇ ಕರೆಸಿ ಓದಿಸಿ ಬರೆಸಿಕೊಂಡ.

"ನಾನು ಇಲ್ಲಿಯವರೆಗೆ ಓದಿದ್ದು ಅವಳ ಅಕ್ಷರ ಅಷ್ಟೇ," ಎಂದ. "ಅವಳು ಆ ಮೂಲೆ ಉಳಿಸಿಲ್ದಿದ್ರೆ ಅವಳನ್ನ ಉಳಿಸೋಕೆ ನನ್ನ ಹತ್ರ ಏನೂ ಇರ್ತಿರ್ಲಿಲ್ಲ. ನನ್ನ ಮಾನಾನೂ ಎರಡು ತಿಂಗಳು ಉಳಿಸಿದ್ಲು. ಒಂದು ದಿನ ಬಾಯಿ ತುಂಬ ಹೇಳ್ಲಿಲ್ಲ ನಾನು. ಇವತ್ತು ಹೇಳ್ತೀನಿ. ನಿನ್ನಿಂದ ದೊಡ್ಡ ಉಪಕಾರ ಆಯ್ತವ್ವ."

ಶಿಲ್ಪಾಳ ಕಣ್ಣು ತುಂಬಿತು. ಮೇಷ್ಟ್ರು ಹಾಗೆಲ್ಲ ಮಾತಾಡಬಾರದು, ಕಂಪ್ಯೂಟರು ಬಿಚ್ಚಿ ನೋಡಲು ಮೊದಲು ಬಿಟ್ಟವರು ಅವರೇ, ಬೇರೆ ಅಂಗಡಿಯವರು ಹೊಸ್ತಿಲು ಹತ್ತಿಸಿರಲಿಲ್ಲ ಎಂದು ಅವಳು ಯಜಮಾನರಿಗೆ ಹೇಳಿದಳು.

ಸೋಮಶೇಖರಪ್ಪ ಪರದೆಯ ಮೇಲೆ ನೆನಪು ಎಷ್ಟು ಎಂದು ತೋರಿಸು ಎಂದರು. ನಾನೂರ ನಲವತ್ತೆಂಟು. ಒಂದು ತಿಂಗಳಿಂದ ಅವರ ಕಣ್ಣೆದುರೇ ಇದ್ದ ಸಂಖ್ಯೆ. ಎಲ್ಲವನ್ನೂ ಅಳೆಯುವ ಅವರು ಶಾಲು ಹೊದಿಸಿದ ಮೇಲೆ ಮತ್ತೆ ಅಳೆದು ನೋಡಿರಲಿಲ್ಲ.

"ಕೆಲಸಕ್ಕೆ ಯಾವತ್ತಾದ್ರೂ ಕಡಿಮೆ ಬಿತ್ತೇನವ್ವ?"

"ಇಲ್ಲ ಸರ್. ಒಂದು ದಿನಾನೂ ಇಲ್ಲ."

ಅವರು ದೂರಿನ ಹಾಳೆಯನ್ನು ತಿರುಗಿಸಿ ಬೋರಲು ಹಾಕಿದರು. ಆ ಅರ್ಧ ಪಾವು ಇರದಿದ್ದರೆ ಇಷ್ಟು ಹೊತ್ತಿಗೆ ತಾನು ಒಂದು ಹೆಣ್ಣುಮಗಳ ಹಣೆಗೆ ಮಸಿ ಬಳಿದುಬಿಡುತ್ತಿದ್ದೆ ಎಂದರು. ಕೈ ಮುಗಿಯಬೇಕೆಂದು ಕೈ ಎತ್ತಿದರು. ಯಜಮಾನರಾದದ್ದರಿಂದ ಆ ಕೈ ಅರ್ಧ ದಾರಿಯಲ್ಲಿ ಏನು ಮಾಡಬೇಕೆಂದು ತಿಳಿಯದೆ ಕನ್ನಡಕ ಸರಿಮಾಡಿತು. ಹೊಸ್ತಿಲ ಹೊರಗಿದ್ದ ಮೂಗಮ್ಮನನ್ನು ಒಳಗೆ ಬಂದು ಕುರ್ಚಿಯಲ್ಲಿ ಕೂರಲು ಹೇಳಿದರು. ಅವಳು ಬಂದಳು. ಕೂತಳು. ಕುರ್ಚಿಯ ಅಂಚಿನಲ್ಲಿ.

ಕತೆ ಇಲ್ಲಿಗೇ ಮುಗಿದಿದ್ದರೆ ಜಂಬುಲಿಂಗಪ್ಪ ಮಧ್ಯಾಹ್ನದ ಬಸ್ಸು ಹಿಡಿದು, ಹಾದಿಯುದ್ದಕ್ಕೂ ಹಣೆ ಮುಟ್ಟಿಕೊಂಡು ಚಳ್ಳಕೆರೆಗೆ ಹೋಗಬಹುದಿತ್ತು.

"ಒಪ್ಪಿದೆ ಮಾವ, ಹಾಳೆ ನಿಜವೇ ಇರಲಿ," ಎಂದ ವಿಶ್ವನಾಥ್. ಅವನ ದನಿ ಈಗ ಇನ್ನೂ ಮೆತ್ತಗಾಗಿತ್ತು. "ಬರೆದಿಟ್ಟವಳು ಒಳ್ಳೆಯವಳು ಅಂದ್ರೆ ಕದ್ದವಳು ಅಲ್ಲ ಅಂತ ಆಗ್ತದಾ? ಪೆನ್ ಡ್ರೈವ್ ಚುಚ್ಚಿದ್ದು ಯಾರು ಅಂತ ಈ ಹಾಳೆ ಹೇಳ್ಲಿಲ್ಲ."

ಹೇಳುತ್ತದೆ ಎಂದಳು ಶಿಲ್ಪ. ಪ್ರತಿ ಪೆನ್ ಡ್ರೈವಿಗೂ ಅದರದೇ ಒಂದು ನಂಬರು ಇರುತ್ತದೆ, ಚುಚ್ಚಿದ ಕೂಡಲೇ ಕರ್ನೆಲ್ ಆ ನಂಬರನ್ನು ನೆನಪಿನಲ್ಲಿ ಬರೆದುಕೊಳ್ಳುತ್ತದೆ, ಹಾಳೆಯ ಕೊನೆಯ ಸಾಲಿನಲ್ಲಿ ತಾನು ಅದನ್ನು ಬರೆದುಕೊಟ್ಟಿದ್ದೇನೆ. ಮೇಷ್ಟ್ರು ಯಾಕೋ ಆ ಸಾಲು ಓದಲಿಲ್ಲ.

ಎಲ್ಲರೂ ಮೇಷ್ಟ್ರನ್ನು ನೋಡಿದರು. ಮೇಷ್ಟ್ರು ಶಾಲನ್ನು ನೋಡಿದರು.

ವಿಶ್ವನಾಥ್ ಯಾರೂ ಕೇಳುವ ಮೊದಲೇ ಕೊರಳಿನ ದಾರ ತೆಗೆದು ತನ್ನ ಪೆನ್ ಡ್ರೈವನ್ನು ಶಿಲ್ಪಾಳ ಮುಂದಿಟ್ಟ. ಚುಚ್ಚಿ ನೋಡು ಎಂದ. ಅವಳು ಚುಚ್ಚಿದಳು. ನಂಬರು ಬಂತು. ಹಾಳೆಯ ಪಕ್ಕ ಹಿಡಿದು ಒಂದೊಂದೇ ಅಂಕಿಯನ್ನು ನೋಡಿದಳು. ಮೂರನೇ ಅಂಕಿಗೇ ಅವಳ ಬೆರಳು ನಿಂತಿತು.

ಇದಲ್ಲ.

ಕೇಂದ್ರದ ಬೀರುವಿನಲ್ಲಿ ಇದ್ದ ಎರಡನ್ನೂ ಚುಚ್ಚಿದರು. ಅವೂ ಅಲ್ಲ.

"ಇನ್ನು ಉಳಿದಿರೋದು ಇವಳ ಮನೆಯಲ್ಲಿ ಬಚ್ಚಿಟ್ಟಿರೋದು," ಎಂದು ವಿಶ್ವನಾಥ್ ದಾರವನ್ನು ಮತ್ತೆ ಕೊರಳಿಗೆ ಹಾಕಿಕೊಂಡ. "ಅದನ್ನ ಹುಡುಕೋ ಕೆಲಸ ನಮ್ಮದಲ್ಲ ಮಾವ. ಪೊಲೀಸರದು."

ಮೂಗಮ್ಮ ಕುರ್ಚಿಯಿಂದ ಎದ್ದಳು. ತಮ್ಮ ಮನೆಯಲ್ಲಿ ಬಚ್ಚಿಡಲು ಬಾಗಿಲಿರುವ ಗೂಡು ಒಂದೂ ಇಲ್ಲ ಎಂದಳು. ಸೋಮಶೇಖರಪ್ಪನವರಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ತಟ್ಟೆ ಮತ್ತೆ ಈ ಕಡೆ ವಾಲಿತ್ತು. ಅವರು ಒಲ್ಲದ ಮನಸ್ಸಿನಿಂದ, ಮುಖ ಬೇರೆ ಕಡೆ ತಿರುಗಿಸಿಕೊಂಡು, ದೂರಿನ ಹಾಳೆಯನ್ನು ಅಂಗಾತ ಮಾಡಿದರು. ಪೆನ್ನು ಕೈಗೆ ಬಂತು.

"ಜಂಬಣ್ಣ, ಕೊನೇ ಸಲ ಕೇಳ್ತೀನಿ. ಆ ನಂಬರಿನ ಡ್ರೈವ್ ಯಾರದು ಅಂತ ನಿಂಗೇನಾದ್ರೂ ಗೊತ್ತೈತಾ?"

ಪತ್ತೇದಾರ ಜಂಬುಲಿಂಗಪ್ಪನ ತಲೆಯಲ್ಲಿ ಒಂದು ಕ್ಷಣದಲ್ಲಿ ನಲವತ್ತು ಸುಳ್ಳುಗಳು ಹುಟ್ಟಿ ಸಾಲಾಗಿ ನಿಂತವು. ಒಂದೊಂದೂ ಒಂದಕ್ಕಿಂತ ಒಂದು ಚೆಲುವಾಗಿತ್ತು. ಅವನು ಶಿಲ್ಪಾಳ ಮುಖ ನೋಡಿದ. ನಲವತ್ತೂ ಬಂದ ದಾರಿಯಲ್ಲೇ ಹೋದವು.

"ಗೊತ್ತೈತಿ ಯಜಮಾನ್ರೆ. ನಿನ್ನೆಯಿಂದ ಗೊತ್ತೈತಿ. ವಿಶ್ವಣ್ಣನ್ನ ಹೆದರಿಸಿದ್ರೆ ಏನಾದ್ರೂ ಬಾಯಿ ಬಿಟ್ಟಾನು, ಈ ಸಾಲು ಓದೋ ಪ್ರಸಂಗ ಬರ್ದೇ ಹೋದೀತು ಅಂತ ಮಡಚಿ ಇಟ್ಕೊಂಡಿದ್ದೆ. ಆ ಡ್ರೈವ್ ನನ್ನ ಅಂಗಡೀದು. ಕೊಡೋಕೆ ಮುಂಚೆ ನನ್ನ ಕಂಪ್ಯೂಟರಿಗೆ ಚುಚ್ಚಿ ನೋಡಿದ್ದೆ, ಅದ್ರ ದಿನಚರಿಯಾಗೂ ಅದೇ ನಂಬರು ಐತಿ."

"ಕೊಟ್ಟದ್ದು ಯಾರಿಗೆ?" ಎಂದು ಸೋಮಶೇಖರಪ್ಪ ಪೆನ್ನು ಹಿಡಿದೇ ಕೇಳಿದರು.

ಜಂಬುಲಿಂಗಪ್ಪ ಎದ್ದು ನಿಂತ. ಜೀವಮಾನದಲ್ಲಿ ಮೊದಲ ಸಲ ಅವನು ಒಂದು ಮಾತಿಗೆ ಬಾಲವನ್ನಾಗಲಿ ಕೊಂಬನ್ನಾಗಲಿ ಸೇರಿಸದೆ ಹೇಳಿದ.

"ಮಂಗಳವಾರ ಮಧ್ಯಾಹ್ನ, ಮೊಮ್ಮಗಳ ನಾಮಕರಣದ ಫೋಟೋ ಹಾಕ್ಕೊಬೇಕು ಅಂತ ನನ್ನ ಅಂಗಡಿಗೆ ಬಂದು ತಗೊಂಡು ಹೋದವರು ನೀವೇ, ಯಜಮಾನ್ರೆ. ನಾನೇ ನಿಮ್ಮ ಅಂಗಿ ಜೇಬಿಗೆ ಹಾಕಿ ಕಳಿಸಿದ್ದೆ. ಅಲ್ಲಿಂದ ಅದು ವಿಶ್ವಣ್ಣನ ಕೈಗೆ ಹೋಯ್ತಾ, ಇಲ್ವಾ ಅನ್ನೋದು ನಿಮಗೇ ಗೊತ್ತು."